ಉಪ್ಪುಂಡ ಜಮಖಾನೆ

ಮೃಗಶಿರ ಮಳೆ ಹಿಡಿದು ನಾಲ್ಕು ದಿನವಾಯಿತೆಂದರೆ ಮೂಡಲಗಿಯ ನಮ್ಮ ಮನೆಯಲ್ಲಿ ಒಂದು ಜಗಳ ಹುಟ್ಟುತ್ತದೆ. ಅಟ್ಟದ ಮೇಲಿನ ಸಂದೂಕಿನಲ್ಲಿ ಒಂದು ಹಳೆಯ ಜಮಖಾನೆ ಇದೆ. ಒಂದು ಕಾಲಕ್ಕೆ ಅದಕ್ಕೆ ಕೆಂಪು, ನೀಲಿ ಪಟ್ಟೆಗಳಿದ್ದವು. ಈಗ ಎರಡೂ ರಾಜಿಯಾಗಿ ಒಂದೇ ಬಣ್ಣಕ್ಕೆ ಬಂದಿವೆ. ಮಳೆಗಾಳಿ ಬೀಸತೊಡಗಿದರೆ ಈ ಜಮಖಾನೆ ಬೆವರುತ್ತದೆ. ಮಾಳಿಗೆ ಸೋರಿರುವುದಿಲ್ಲ, ಸಂದೂಕಿಗೆ ತೂತಿಲ್ಲ, ಆದರೂ ಮಡಿಕೆಯೊಳಗೆ ಕೈಯಿಟ್ಟರೆ ಅಂಗೈಗೆ ತೇವ ಹತ್ತುತ್ತದೆ. ಆ ತೇವ ಪಕ್ಕದಲ್ಲಿಟ್ಟ ಸೊಸೆಯ ಮದುವೆಯ ಸೀರೆಗೂ ದಾಟಿತು ಎಂಬಲ್ಲಿಂದ ಈ ವರ್ಷದ ಜಗಳ ಶುರುವಾಯಿತು.

“ಅತ್ತೀ, ಈ ಸಲಾ ಇದನ್ನ ಹಳ್ಳಕ್ಕ ಒಯ್ದು ಒಗದ ಬಿಡತೇನ್ರಿ. ಎರಡ ಸಲಾ ಸವಳ ಹಾಕಿ ಕುಕ್ಕಿದ್ರ ಎಲ್ಲಾ ಹೋಗತೈತಿ.”

“ಎಲ್ಲಾ ಹೋಗತೈತಿ ಅಂತನ ಬ್ಯಾಡ ಅನ್ನಾಕತ್ತೇನಿ. ಇಡ ಅದನ್ನ,” ಎಂದೆ.

ಸೊಸೆ ಒಳ್ಳೆಯವಳು, ಎದುರು ಮಾತಾಡಲಿಲ್ಲ. ಆದರೆ ಹಿತ್ತಲಲ್ಲಿ ನೆರೆಮನೆಯವಳಿಗೆ “ಅದು ಜಮಖಾನಿ ಅಲ್ಲವಾ, ನಮ್ಮತ್ತಿ ಹಡದ ಕೂಸು” ಎಂದು ಹೇಳುತ್ತಿದ್ದುದು ಕಿವಿಗೆ ಬಿತ್ತು. ಅವಳದೂ ತಪ್ಪಲ್ಲ. ನಾನು ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಅವಳು ಎಲ್ಲಿಂದ ತಿಳಿಯಬೇಕು?

ಆ ಜಮಖಾನೆಯಲ್ಲಿರುವುದು ಸಮುದ್ರದ ಉಪ್ಪು. ಮೂಡಲಗಿಯಲ್ಲಿ ಕೂತು ಸಮುದ್ರದ ಮಾತಾಡುವ ಹೆಂಗಸನ್ನು ಕಂಡರೆ ನಿಮಗೆ ನಗು ಬಂದೀತು. ಈಗ ಇದ್ದಿಲ ಹೊಗೆ ಉಗುಳುತ್ತ ಸರ್ವೀಸ್ ಮೋಟಾರುಗಳು ಓಡಾಡುತ್ತವೆ. ಆದರೂ ನಮ್ಮೂರಿನಲ್ಲಿ ಸಮುದ್ರ ಕಂಡವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ನಾನು ಅದನ್ನು ಕಂಡಾಗ ನನಗೆ ಒಂಬತ್ತು ವರ್ಷ. ಕಂಡೆ ಎನ್ನುವುದಕ್ಕಿಂತ, ಅದು ನನ್ನನ್ನು ಒಂದು ಗುಕ್ಕು ಬಾಯಿಗೆ ಹಾಕಿಕೊಂಡು ಉಗುಳಿತು ಎನ್ನಬೇಕು.

ನನ್ನ ತವರು ಗೋಕಾವಿ ಸೀಮೆಯ ಮೇಲವಂಕಿ. ಅಪ್ಪ ಒಕ್ಕಲುತನದವನು, ಆದರೆ ಮಾತಿನಲ್ಲಿ ದೊಡ್ಡ ಸಂಚಾರಿ. ಹುಡುಗನಿದ್ದಾಗ ಅಜ್ಜನ ಜೊತೆ ಅರಳೆ ಹೇರಿದ ಚಕ್ಕಡಿಯಲ್ಲಿ ಘಟ್ಟ ಇಳಿದು ಬಂದರಿಗೆ ಹೋಗಿಬಂದಿದ್ದನಂತೆ. ಆ ಒಂದು ಪ್ರವಾಸದ ಮೇಲೆ ಇಪ್ಪತ್ತು ವರ್ಷ ಮಾತಾಡಿದ. ಮಗ್ಗುಲಲ್ಲಿ ಮಲಗಿಸಿಕೊಂಡು ನನಗೆ ಸಮುದ್ರದ ಕಥೆ ಹೇಳುತ್ತಿದ್ದ. ನಾನು ಕಂಡ ದೊಡ್ಡ ನೀರೆಂದರೆ ಘಟಪ್ರಭೆಗೆ ಹೊನಲು ಬಂದಾಗ ಮಸಗುಪ್ಪಿಯ ಅತ್ತೆಯ ಹೊಲದವರೆಗೆ ಏರಿ ನಿಂತ ಕೆಂಪು ನೀರು. “ಅಷ್ಟ ದೊಡ್ಡದೇನಪ್ಪಾ?” ಎಂದು ಕೇಳಿದರೆ ಅಪ್ಪ ಅವಮಾನವಾದವನಂತೆ ಎದ್ದು ಕೂಡುತ್ತಿದ್ದ.

ಅವ್ವನಿಗೆ ಕೆಮ್ಮು ಹತ್ತಿದ್ದು ನಾವು ಸಮುದ್ರಕ್ಕೆ ಹೋದದ್ದಕ್ಕೆ ಹಿಂದಿನ ವರ್ಷದ ಚಳಿಗಾಲದಲ್ಲಿ. ಮೊದಲು ಜ್ಯೇಷ್ಠಮಧು, ಆಮೇಲೆ ಆಡುಸೋಗೆ, ಆಮೇಲೆ ಹರಕೆ. ಕೊನೆಗೆ ಗೋಕಾವಿಯ ಡಾಕ್ಟರರು ಎದೆಗೆ ಕಿವಿಯಿಟ್ಟು ಕೇಳಿ, ಅಪ್ಪನನ್ನು ಹೊರಗೆ ಕರೆದು ಬಹಳ ಹೊತ್ತು ಮಾತಾಡಿದರು. ಹಿಂದಿರುಗುವಾಗ ಅಪ್ಪ ಕರದಂಟಿನ ಒಂದು ದೊಡ್ಡ ಪೊಟ್ಟಣ ಕೊಂಡ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಇಷ್ಟೊಂದು ಕರದಂಟು ಏಕೆ ಎಂದು ನಾನು ಕೇಳಲಿಲ್ಲ, ತಿನ್ನುವುದರಲ್ಲಿದ್ದೆ. ಆ ಹೊತ್ತಿನಲ್ಲಿ ಅವ್ವನ ಮುಖ ಹೇಗಿತ್ತು ಎಂದು ಎಷ್ಟು ನೆನಪಿಸಿಕೊಂಡರೂ ನೆನಪಾಗುವುದಿಲ್ಲ. ಕರದಂಟಿನಲ್ಲಿ ಒಣಕೊಬ್ಬರಿ ಹೆಚ್ಚಾಗಿತ್ತು ಎಂಬುದು ಮಾತ್ರ ನೆನಪಿದೆ. ಇಂಥ ಮಗಳು ನಾನು.

“ಸಮುದ್ರದ ಗಾಳಿ ಕುಡಿದ್ರ ಎದಿ ಹಗರ ಆಗತೈತೆಂತ,” ಎಂದು ಅಪ್ಪ ಅವ್ವನಿಗೆ ಹೇಳಿದ. “ಜ್ವಾಳದ ರಾಶಿ ಮುಗೀಲಿ. ಮೂರೂ ಮಂದಿ ಹೋಗಿ ಒಂದ ತಿಂಗಳ ಬಿಡಾರ ಹೂಡಿ ಬರೂಣು.”

“ಮಂದಿ ಏನಂದಾರ್ರಿ? ಜಾತ್ರಿ ಇಲ್ಲ, ಲಗ್ನ ಇಲ್ಲ, ಬರೇ ಗಾಳಿ ಕುಡಿಯಾಕ ಚಕ್ಕಡಿ ಹೂಡಿದ್ರಂತ ನಗತಾರ.”

“ನಗ್ಲಿ. ನಕ್ಕರ ಅವರ ಹಲ್ಲ ಕಾಣತಾವ.”

ಹಾಗೆ ಹೊರಟೆವು. ಚಕ್ಕಡಿಗೆ ಬಿದಿರ ಕಮಾನು ಕಟ್ಟಿ ಮೇಲೆ ಗೋಣಿತಟ್ಟು ಹೊದಿಸಿದ್ದ. ಕೆಳಗೆ ಜೋಳದ ಕಣಿಕೆ, ಅದರ ಮೇಲೆ ಅವ್ವ ತವರಿನಿಂದ ತಂದ ಈ ಜಮಖಾನೆ. ಎರಡು ಪುಟ್ಟಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಬೆಲ್ಲ. ಹಿಂದುಗಡೆ ನೇತಾಡುವ ಬಿದಿರಿನ ಕೊಳವೆಯಲ್ಲಿ ಗಾಲಿಗೆ ಹಾಕುವ ಕೀಲೆಣ್ಣೆ. ಈ ಕೀಲೆಣ್ಣೆಯನ್ನು ನೀವು ನೆನಪಿಟ್ಟುಕೊಳ್ಳಬೇಕು. ನನಗಂತೂ ಮರೆಯುವ ಹಾಗಿಲ್ಲ. ಎಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿದ ಕರಿಯ ರಾಡಿ ಅದು. ಬಟ್ಟೆಗೆ ಹತ್ತಿದರೆ ಹೋಗದು, ಅದರ ವಾಸನೆ ಕೈಯಿಂದ ಮೂರು ದಿನ ಬಿಡದು.

ಹುಕ್ಕೇರಿಯಲ್ಲಿ ಒಂದು ರಾತ್ರಿ ವಸ್ತಿ, ಯಮಕನಮರಡಿಯಲ್ಲಿ ಒಂದು ವಸ್ತಿ. ಯಮಕನಮರಡಿಯ ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದ ಹೆಂಗಸೊಬ್ಬಳು “ಎಲ್ಲಿಗೆ ಹೊಂಟೀರೆವ್ವಾ?” ಎಂದು ಕೇಳಿದಾಗ ಅವ್ವ ಸಂಕೋಚದಿಂದ “ಬೀಗರ ಊರಿಗೆ” ಎಂದಳು. ಗಾಳಿ ಕುಡಿಯಲು ಎಂದು ಹೇಳುವುದು ಅವಳಿಗೆ ಕೊನೆಗೂ ಆಗಲಿಲ್ಲ. ಮುಂದೆ ಘಟ್ಟ. ಇಳಿಜಾರಿನಲ್ಲಿ ಅಪ್ಪ ಗಾಲಿಗೆ ಮರದ ತುಂಡು ಕಟ್ಟಿ, ಎತ್ತುಗಳ ಕೊರಳು ಸವರಿ ಸಮಾಧಾನ ಹೇಳುತ್ತ ಇಳಿಸಿದ. ಅವ್ವ ಕೆಮ್ಮಿದಾಗಲೆಲ್ಲ ಎತ್ತುಗಳು ಕಿವಿ ಹಿಂದಕ್ಕೆ ಹಾಕುತ್ತಿದ್ದವು. ಅಪ್ಪನಿಗೂ ಹಾಗೆಯೇ ಆಗುತ್ತಿತ್ತು, ಆದರೆ ಅವನು ಹಿಂದಿರುಗಿ ನೋಡುತ್ತಿರಲಿಲ್ಲ.

ಸಮುದ್ರ ಕಂಡ ಮೊದಲ ಗಳಿಗೆಯಲ್ಲಿ ಅಪ್ಪ ತಾನೇ ಅದನ್ನು ಅಗೆದು ನೀರು ತುಂಬಿಸಿದವನ ಹಾಗೆ ಚಾಟಿ ಎತ್ತಿ ತೋರಿಸಿದ. ಅವ್ವ ಬಹಳ ಹೊತ್ತು ನೋಡಿದಳು.

“ಇದಕ್ಕ ಆಚೀ ದಂಡಿ ಇಲ್ಲೇನ್ರಿ?”

“ಕಾಣೂದಿಲ್ಲ.”

“ಹಂಗಾರ ಇದನ್ನ ದಾಟಾವ್ರಿಗೆ ಯಾವಾಗ ದಾಟಿದ್ವಿ ಅಂತ ಹ್ಯಾಂಗ ತಿಳೀತೈತಿ?”

ಅಪ್ಪ ಎತ್ತುಗಳನ್ನು ಹೊಡೆದ.

ಅಲ್ಲಿ ಒಂದು ನಡುಗಡ್ಡೆ ಇತ್ತು. ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಸಮುದ್ರದ ನೀರು ನುಗ್ಗುವ ಖಾಡಿ. ನೀರು ಇಳಿದಾಗ ಮರಳು ಬಯಲಾಗಿ, ಚಕ್ಕಡಿ ಅದರ ಮೇಲೆ ದಾಟಿ ಹೋಗುತ್ತಿತ್ತು. ದಂಡೆಗುಂಟ ತೆಂಗು, ಗಾಳಿಮರ, ಅಲ್ಲಲ್ಲಿ ಮೀನುಗಾರರ ಹತ್ತಾರು ಮನೆ. ಇಂದು ಇಲ್ಲಿ, ನಾಳೆ ಇನ್ನಷ್ಟು ಮುಂದೆ ಎಂದು ನಾವು ಆ ನಡುಗಡ್ಡೆಯ ಅಂಚಿಗುಂಟ ಬಿಡಾರ ಬದಲಿಸುತ್ತ ಹೋದೆವು. ಮೂರು ಕಲ್ಲು ಹೂಡಿ ಅವ್ವ ಬೇಳೆ ಬೇಯಿಸುತ್ತಿದ್ದಳು. ಎರಡನೆಯ ದಿನ ನಾನು ಜಾಣತನ ಮಾಡಿ, ಪುಕ್ಕಟೆ ಉಪ್ಪು ಇಷ್ಟಿರುವಾಗ ಮನೆಯದೇಕೆ ಖರ್ಚು ಎಂದು, ಸಮುದ್ರದ ನೀರನ್ನು ತಂಬಿಗೆ ತುಂಬ ತಂದು ಬೇಳೆಗೆ ಸುರಿದೆ. ಬಾಯಿಗಿಟ್ಟ ಅಪ್ಪನ ಮುಖ ಕಂಡು ಅವ್ವ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು, ಕೆಮ್ಮಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ನೋಡ, ಗಾಳಿ ಹತ್ತಾಕತ್ತೈತಿ,” ಎಂದು ಅಪ್ಪ ಆ ಬೇಳೆಯನ್ನೇ ಎರಡು ರೊಟ್ಟಿಗೆ ಹಚ್ಚಿಕೊಂಡು ತಿಂದುಬಿಟ್ಟ.

ನಾವು ಹೊಳೆಸಾಲಿನ ಜನ. ಹೊಳೆಯ ನೀರು ಏರುವುದಿದ್ದರೆ ಮೊದಲು ಮೋಡ ಕಾಣಬೇಕು, ಮಳೆ ಬೀಳಬೇಕು, ನೀರಿನ ಬಣ್ಣ ಕೆಂಪಾಗಬೇಕು. ಬೇಸಗೆಯಲ್ಲಿ ಇಳಿದ ಹೊಳೆ ಮತ್ತೆ ಮಳೆಗಾಲಕ್ಕೇ ಏರುವುದು. ಬಿಸಿಲು ಕಾಯುತ್ತಿರುವಾಗ, ತಿಳಿ ಆಕಾಶದ ಕೆಳಗೆ, ನೀರು ತನ್ನಷ್ಟಕ್ಕೆ ಎದ್ದು ಬರುತ್ತದೆಂದು ನಮಗೆ ಯಾರು ಹೇಳಿದ್ದರು? ನೀರು ಇಳಿದಾಗ ಖಾಡಿ ದಾಟಿ ಬಂದವರೇ ನಾವು. ಆದರೂ ಇಳಿದದ್ದು ದಿನಾ ಎರಡು ಸಲ ಏರುತ್ತದೆಂಬುದು ಅಪ್ಪನ ಲಕ್ಷ್ಯಕ್ಕೆ ಬಂದಿರಲಿಲ್ಲ. ಅಂದು ಬೆಳಿಗ್ಗೆ ಕೆಳಗಿನ ಬಯಲು ಮರಳು ಸಾರಿಸಿದ ಅಂಗಳದಂತೆ ಸ್ವಚ್ಛವಾಗಿತ್ತು. ಮೇಲೆ ದಂಡೆಯಲ್ಲಿ ಮುಳ್ಳು, ಮೀನಿನ ವಾಸನೆ. “ಪೂಜಿಗೆ ಇಂಥಾ ಜಾಗಾ ಎಲ್ಲಿ ಸಿಕ್ಕೀತು?” ಎಂದು ಅಪ್ಪ ಚಕ್ಕಡಿಯನ್ನು ನೀರ ಅಂಚಿನ ತನಕ ಒಯ್ದು ನೊಗದಿಂದ ಎತ್ತು ಬಿಚ್ಚಿದ. ಮೇಲೆ ತೆಂಗಿನ ಕೆಳಗೆ ನಿಂತಿದ್ದ ಮೀನುಗಾರ ಹೆಂಗಸೊಬ್ಬಳು ಎರಡೂ ಕೈ ಎತ್ತಿ ಬೀಸಿ ಏನೋ ಕೂಗಿದಳು. ಒಳ್ಳೆಯ ಜನ ಎಂದು ಅಪ್ಪನೂ ಕೈ ಬೀಸಿದ. ನಾನೂ ಬೀಸಿದೆ.

ಅವ್ವ ಜಮಖಾನೆ ಹಾಸಿ, ವಿಭೂತಿ ಧರಿಸಿ, ಕೊರಳ ಬೆಳ್ಳಿಯ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡಳು. ಹುಟ್ಟಿದ ಹೊಸತರಲ್ಲಿ ಗುರುಗಳು ಅವಳಿಗೆ ಕಟ್ಟಿದ ಲಿಂಗ ಅದು. ಪೂಜೆಯಾಗದೆ ಅವಳು ಗುಟುಕು ನೀರು ಮುಟ್ಟಿದ್ದನ್ನು ನಾನು ನೋಡಿದವಳಲ್ಲ. ನಾನು ಅವಳ ಎದುರಿಗೆ, ನೀರಿಗೆ ಬೆನ್ನು ಮಾಡಿ, ಚಿಪ್ಪು ಜೋಡಿಸುತ್ತ ಕೂತಿದ್ದೆ. ಬೆನ್ನಿಗೆ ತಣ್ಣಗಾಯಿತು. ಅಷ್ಟರಲ್ಲಿ ಕೆಳಗಿನ ಮರಳೇ ಜಾರಿ, ನಾನು ಮಗುಚಿ ಬಿದ್ದು, ಕಣ್ಣು ಬಾಯಿ ಮೂಗಿಗೆಲ್ಲ ಉಪ್ಪು ನೀರು ತುಂಬಿತು. ಹಿಂದಕ್ಕೆ ಎಳೆದೊಯ್ಯುತ್ತಿತ್ತು. ಆಗ ಯಾರೋ ನನ್ನ ಮಣಿಕಟ್ಟು ಹಿಡಿದರು.

ಅವ್ವ. ಎಡಗೈಯಿಂದ.

ಬಲಗೈ ಏಕೆ ಚಾಚಲಿಲ್ಲ ಎಂದು ಆಮೇಲೆ ಅಪ್ಪ ಕೇಳಿದ. ಬಲಗೈಯಲ್ಲಿ ಜಮಖಾನೆಯ ಅಂಚು ಹಿಡಿದಿದ್ದಳು. ಇನ್ನೊಂದು ಅಂಚು ಚಕ್ಕಡಿಯ ಗಾಲಿಗೆ ಸಿಕ್ಕಿಕೊಂಡಿತ್ತು. ಇಲ್ಲದಿದ್ದರೆ ಇಬ್ಬರೂ ಹೋಗುತ್ತಿದ್ದೆವು. ಕೂಗಿದ ಹೆಂಗಸಿನ ಮನೆಯವರು ಹಗ್ಗ ತಂದು ಎತ್ತು, ಚಕ್ಕಡಿಗಳನ್ನು ಎಳೆದರು. ದಡಕ್ಕೆ ಬಂದ ಮೇಲೆ ಅವ್ವ ತನ್ನ ಎಡ ಅಂಗೈ ನೋಡಿಕೊಂಡಳು. ಅದರಲ್ಲಿ ನನ್ನ ಬಳೆ ಒಡೆದು ಚುಚ್ಚಿದ ಗಾಯವಿತ್ತು, ಬೇರೇನೂ ಇರಲಿಲ್ಲ.

ಅಂದಿನ ದಿನವೆಲ್ಲ ಅಪ್ಪ ಹುಡುಕಿದ. ನೀರು ಇಳಿದಾಗ ಬಯಲಾದ ಮರಳನ್ನು ಮೊಣಕಾಲೂರಿ ಬೆರಳಿನಿಂದ ಸೋಸಿದ. ಅವ್ವ ಗಾಳಿಮರಕ್ಕೆ ಒರಗಿ ಕೂತಿದ್ದಳು. ಬರಿದಾದ ಕರಡಿಗೆ ಅವಳು ಕೆಮ್ಮಿದಾಗೊಮ್ಮೆ ಎದೆಯ ಮೇಲೆ ಹಗುರಾಗಿ ಪುಟಿಯುತ್ತಿತ್ತು. ಮೀನುಗಾರ ಹೆಂಗಸು ಎಳನೀರು ಕೆತ್ತಿ ತಂದಳು. ಅವ್ವ ಕೈಮುಗಿದು ಪಕ್ಕಕ್ಕಿಟ್ಟಳು.

“ಒಂದ ಗುಟಕ ಕುಡಿ,” ಎಂದ ಅಪ್ಪ.

“ಲಿಂಗ ಇಲ್ಲದ ಬಾಯಾಗ ನೀರ ಇಳಿಯೂದಿಲ್ರಿ.”

“ಹುಕ್ಕೇರಿಗೆ ಹೋಗಿ ಅಯ್ಯನವರ ಕಡಿಂದ ಬ್ಯಾರೆ ಕಟ್ಟಿಸೂಣು.”

“ಕಟ್ಟಿಸೂಣಂತ. ಅಲ್ಲೀತನಾ ಹಿಂಗ ಇರತೇನಿ.”

ಹುಕ್ಕೇರಿ ಐದು ದಿನದ ದಾರಿ. ಮೇಲೆ ಘಟ್ಟ ಬೇರೆ. ಅಪ್ಪ ತನ್ನ ಕೊರಳಿಗೆ ಕೈ ಹಾಕಿದ. “ನಂದ ತಗೋ.”

“ನಿಮ್ಮ ಜೀವಾ ತಗದು ನನ್ನ ಕೊಳ್ಳಾಗ ಹ್ಯಾಂಗ ಕಟಗೊಳ್ಳಲ್ರಿ?”

ಮರುದಿನ ಅವ್ವನ ತುಟಿಗಳು ಒಡೆದಿದ್ದವು. ಕೆಮ್ಮಲು ಸಹ ಅವಳಲ್ಲಿ ಶಕ್ತಿ ಉಳಿದಿರಲಿಲ್ಲ. ನಾನು ಚಕ್ಕಡಿಯ ಒಂದು ಮೂಲೆಯಲ್ಲಿ ಕೂತು ನನ್ನ ಮಣಿಕಟ್ಟನ್ನು ನೋಡಿಕೊಳ್ಳುತ್ತಿದ್ದೆ. ಅವ್ವನ ಬೆರಳಿನ ಗುರುತು ನೀಲಿಗಟ್ಟಿತ್ತು. ನಾನು ನೀರಿಗೆ ಬೆನ್ನು ಹಾಕಿ ಕೂಡದೆ ಇದ್ದಿದ್ದರೆ ಎಂಬ ಒಂದೇ ಮಾತು ತಲೆಯಲ್ಲಿ ಗಾಣದೆತ್ತಿನಂತೆ ಸುತ್ತುತ್ತಿತ್ತು.

ಮಧ್ಯಾಹ್ನ ಅಪ್ಪ “ಬಾ ತಂಗೀ” ಎಂದು ನನ್ನನ್ನು ಕರೆದುಕೊಂಡು ಬಂಡೆಗಳ ಕಡೆಗೆ ಹೋದ. ಅಲ್ಲಿ ಅಲೆಗಳಿಗೆ ಸವೆದು ನುಣುಪಾದ ಕಲ್ಲುಗಳು ರಾಶಿಯಾಗಿದ್ದವು. ಒಂದೊಂದನ್ನೇ ಎತ್ತಿ ಅಂಗೈಯಲ್ಲಿಟ್ಟು ನೋಡಿದ, ಬಿಸಾಡಿದ. ಕೊನೆಗೆ ಒಂದು ಸಿಕ್ಕಿತು. ಅದನ್ನು ಬಂಡೆಗೆ ಉಜ್ಜಿ ಉಜ್ಜಿ ಬುಡ ಮಟ್ಟ ಮಾಡಿದ. ಲಿಂಗದ ಮೇಲೆ ಕರಿಯ ಮಿರುಗಿನ ಲೇಪವಿರುತ್ತದಲ್ಲ. ಈ ಕಲ್ಲು ಬೂದುಬಣ್ಣದ್ದು. ಅಪ್ಪ ಅತ್ತಿತ್ತ ನೋಡಿ, ಸೊಂಟಕ್ಕೆ ಸಿಕ್ಕಿಸಿ ತಂದಿದ್ದ ಕೀಲೆಣ್ಣೆಯ ಕೊಳವೆ ತೆಗೆದ.

“ಅಪ್ಪಾ, ಅದು ಬರೇ ಕಲ್ಲಲಾ?”

ಅಪ್ಪ ಎಣ್ಣೆ ಹಚ್ಚುವುದನ್ನು ನಿಲ್ಲಿಸಲಿಲ್ಲ. ಹಚ್ಚಿ, ಬಿಸಿಲಿಗೆ ಹಿಡಿದು, ಧೋತರದ ಚುಂಗಿನಿಂದ ಒರೆಸಿ, ಮತ್ತೆ ಹಚ್ಚಿದ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಆಮೇಲೆ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡ.

“ನಿಮ್ಮವ್ವಗ ಹೇಳೂದಿಲ್ಲಂತ ಆಣಿ ಮಾಡ.”

ಮಾಡಿದೆ.

“ಸಿಕ್ಕತ! ಸಿಕ್ಕತ!” ಎಂದು ಕೂಗುತ್ತ ಅಪ್ಪ ಓಡಿದ. ನಾಟಕದಲ್ಲಿ ಕೂಡ ಅಷ್ಟು ಕೆಟ್ಟದಾಗಿ ಯಾರೂ ಸುಳ್ಳು ಖುಷಿ ಪಟ್ಟಿರಲಾರರು. ಅವ್ವ ಎರಡೂ ಕೈ ಚಾಚಿ ತೆಗೆದುಕೊಂಡಳು. ಕಣ್ಣಿಗೊತ್ತಿಕೊಂಡಳು. ಅಪ್ಪನನ್ನು ನೋಡಿದಳು, ಅವನ ಹಿಂದೆ ನಿಂತ ನನ್ನನ್ನು ನೋಡಿದಳು. ಆಮೇಲೆ ನೀರೆರೆದು, ವಿಭೂತಿ ಹಚ್ಚಿ, ಪೂಜೆ ಮಾಡಿ, ತಂಬಿಗೆ ಎತ್ತಿ ಗಟಗಟನೆ ಕುಡಿದಳು. ಅಪ್ಪ ಚಕ್ಕಡಿಯ ಹಿಂದೆ ಹೋಗಿ ಕೂತ. ಸಂಜೆಯವರೆಗೆ ಈಚೆ ಬರಲಿಲ್ಲ.

ಒಂದು ತಿಂಗಳ ಬಿಡಾರ ಎಂಟು ದಿನಕ್ಕೆ ಮುಗಿಯಿತು. ಹಿಂದಿರುಗುವಾಗ ಹುಕ್ಕೇರಿಯ ಅಯ್ಯನವರ ಮನೆಯ ಮುಂದೆ ಅಪ್ಪ ಎತ್ತು ನಿಲ್ಲಿಸಿ, “ನೀರಾಗ ಬಿದ್ದದ್ದು, ಇನ್ನೊಮ್ಮಿ ಅಯ್ಯನವರ ಕೈಲೆ ಪೂಜಿ ಮಾಡಸೂಣೇನ? ಬೇಕಾದ್ರ ಹೊಸಾದ ಕಟ್ಟತಾರ,” ಎಂದು ಹಾರಿಸಿ ನೋಡಿದ. ಅವ್ವ ಇಳಿಯಲಿಲ್ಲ. “ಸಿಕ್ಕೈತಲ್ರಿ, ಮತ್ಯಾಕ?” ಎಂದಳು.

ಊರಿಗೆ ಬಂದ ಮೇಲೆ ಜಮಖಾನೆ ಒಗೆಯಲು ಅಪ್ಪ ಬಿಡಲಿಲ್ಲ. ಅವ್ವ ಹೊರಗೆ ಹೋದಾಗ ಅದನ್ನು ಹರವಿ, ಅಂಚಿನ ಹೊಲಿಗೆಗುಂಟ ಬೆರಳಾಡಿಸುತ್ತಿದ್ದ. ಖರೆ ಲಿಂಗ ಎಲ್ಲಾದರೂ ಅದರ ಮಡಿಕೆಯಲ್ಲಿ ಸಿಕ್ಕಿಕೊಂಡಿರಬಹುದೆಂಬ ಆಸೆ. ಒಂದಿಷ್ಟು ಮರಳು ಉದುರುತ್ತಿತ್ತು. ಅದನ್ನೂ ಗುಡಿಸಿ ಎಸೆಯದೆ ಬಿಲ್ವದ ಗಿಡದ ಬುಡಕ್ಕೆ ಹಾಕುತ್ತಿದ್ದ.

ಅವ್ವ ಅದಾದ ಎರಡನೆಯ ವರ್ಷ ಹೋದಳು. ಸಮುದ್ರದ ಗಾಳಿ ಅವಳ ಎದೆಗೆ ಏನೂ ಮಾಡಲಿಲ್ಲ. ಹೋಗುವ ಮೊದಲು ಒಂದು ಮುಂಜಾನೆ ನಾನು ಅವಳ ಕಾಲು ತಿಕ್ಕುತ್ತಿದ್ದೆ. ಅಪ್ಪ ಹೊಲಕ್ಕೆ ಹೋಗಿದ್ದ. ಅವ್ವ ಮೆಲ್ಲಗೆ, “ಇದು ಕೀಲೆಣ್ಣಿ ನಾತಾ ಹೊಡೀತಿತ್ತಲಾ, ಇನ್ನೂ ಒಂಚೂರ ಐತಿ,” ಎಂದು ಕರಡಿಗೆ ಮುಟ್ಟಿಕೊಂಡಳು. ನನ್ನ ಕೈ ನಿಂತಿತು.

“ಅಂದೇ ಗೊತ್ತಿತ್ತೇನಬೇ?”

“ಮೂಗ ಇಲ್ಲೇನ ನನಗ?”

“ಮತ್ತ ನೀರ ಯಾಕ ಕುಡದಿ?”

ಅವ್ವ ಉಸಿರು ಕೂಡಿಸಿಕೊಂಡು ಹೇಳಿದಳು: “ನಾ ಹಂಗ ಸತ್ತಿದ್ರ, ನನ್ನ ಕೈ ಹಿಡದದ್ದಕ್ಕ ಅವ್ವ ಸತ್ಲು ಅಂತ ನೀ ಮುದಕಿ ಆಗೂತನಾ ಅಳತಿದ್ದಿ. ಅದಕ್ಕ ಕುಡದೆ. ಈಗ ದಿನಾ ಅಂಗೈ ಮ್ಯಾಲ ಇಟ್ಟ ನೋಡಿ ನೋಡಿ ಇದೂ ನಂದ ಆಗೇತಿ.” ಆಮೇಲೆ, “ನಿಮ್ಮಪ್ಪಗ ಹೇಳಬ್ಯಾಡ. ‘ಅಕಿಗೆ ತಿಳೀದಂಗ ಅಕಿನ್ನ ಉಳಿಸಿದ್ನಿ’ ಅಂದಕೊಂಡಾನ. ಅಂದಕೊಂಡಿರ್ಲಿ,” ಎಂದು ನನ್ನ ಕೈಯನ್ನು ತನ್ನ ತಲೆಯ ಮೇಲೆ ಎಳೆದುಕೊಂಡಳು.

ಬಾಯಲ್ಲಿ ಎಳ್ಳು ನೆನೆಯದ ಹುಡುಗಿ ಎಂದು ಊರೆಲ್ಲ ಹೆಸರಾದವಳು ನಾನು. ಅಂಥವಳ ಮೇಲೆ ಇಬ್ಬರೂ ಒಂದೊಂದು ಆಣೆ ಹೇರಿದರು.

ಅವ್ವ ಹೋದ ದಿನ ಅವಳನ್ನು ಗೋಡೆಗೆ ಒರಗಿಸಿ ಕೂಡಿಸಿದ್ದಾಗ, ಅಯ್ಯನವರು ಲಿಂಗವನ್ನು ಅಂಗೈಗಿಡಲು ಕೇಳಿದರು. ಅಪ್ಪ ನನ್ನನ್ನು ಒಳಕೋಣೆಗೆ ಕರೆದ. “ಈಗರೆ ಅಯ್ಯನವರಿಗೆ ಹೇಳಿ ಖರೇದ ತರಸಲೇನ ತಂಗೀ?” ಹನ್ನೊಂದು ವರ್ಷದವಳನ್ನು ಕೇಳುವ ಮಾತೇ ಅದು? ಆದರೆ ಅವನಿಗೆ ಕೇಳಲು ಬೇರೆ ಯಾರಿದ್ದರು. “ಬ್ಯಾಡಪ್ಪಾ. ಅವ್ವಗ ಇದ ರೂಢಿ ಆಗೇತಿ,” ಎಂದೆ. ಆ ಕಲ್ಲು ಅವಳ ಎಡ ಅಂಗೈಯಲ್ಲೇ ಮಣ್ಣಿಗೆ ಹೋಯಿತು.

ಅಪ್ಪ ಆಮೇಲೆ ಬಹಳ ವರ್ಷ ಬದುಕಿದ. ಸಮುದ್ರದ ಮಾತನ್ನು ಮತ್ತೆ ಎತ್ತಲಿಲ್ಲ. ಕೊನೆಯ ದಿನಗಳಲ್ಲಿ ನಾನು ಮೂಡಲಗಿಯಿಂದ ಹೋಗಿ ಅವನ ಮಗ್ಗುಲಲ್ಲಿ ಕೂತಿದ್ದೆ. ಈ ಜಮಖಾನೆಯನ್ನೇ ಹೊದ್ದಿದ್ದ. ಒಂದು ಮಧ್ಯಾಹ್ನ ಕಣ್ಣು ತೆರೆದು ಕೇಳಿದ.

“ತಂಗೀ, ನಿಮ್ಮವ್ವಗ ಗೊತ್ತಾಗಿತ್ತೇನ?”

ಅವ್ವನ ತಲೆಯ ಮೇಲಿಟ್ಟ ಕೈ ನೆನಪಾಯಿತು. ಸಾಯುವವನಿಗೆ ಸಮಾಧಾನವಾಗಲಿ ಎಂದೂ ಅನ್ನಿಸಿತು. “ಇಲ್ಲಪ್ಪಾ. ಅಕಿಗೆ ಗೊತ್ತಾಗಲೇ ಇಲ್ಲ,” ಎಂದೆ.

ಅಪ್ಪ “ಹಂಗಾರ ಅಕಿಗೆ ಮೋಸ ಮಾಡೇ ಬಿಟ್ನಿ,” ಎಂದು ಗೋಡೆಯ ಕಡೆಗೆ ತಿರುಗಿದ. ಅದೇ ಅವನ ಕೊನೆಯ ಮಾತು.

ಅಷ್ಟು ವರ್ಷ ಅವನು ಕಾಯುತ್ತಿದ್ದದ್ದು ಇನ್ನೊಂದು ಉತ್ತರಕ್ಕೆ ಎಂದು ನನಗೆ ಹೊಳೆಯುವಷ್ಟರಲ್ಲಿ ಅಯ್ಯನವರನ್ನು ಕರೆಯಲು ಜನ ಓಡುತ್ತಿದ್ದರು.

ಮೊನ್ನೆ ಸೊಸೆ ಸಿಟ್ಟಾಗಿ ಹಿತ್ತಲಿಗೆ ಹೋದ ಮೇಲೆ ಅಟ್ಟ ಹತ್ತಿ ಸಂದೂಕು ತೆರೆದೆ. ಮಳೆ ಹೊಯ್ಯುತ್ತಿತ್ತು. ಜಮಖಾನೆಯ ಮೇಲೆ ಕೈಯಿಟ್ಟೆ, ತೇವ ಹತ್ತಿತು. ಪ್ರತಿ ಮಳೆಗಾಲ ಹೇಳುವ ಹಾಗೆ, ಯಾರಿಗೂ ಕೇಳದಂತೆ ಬಾಗಿ ಹೇಳಿದೆ:

“ಗೊತ್ತಿತ್ತಪ್ಪಾ. ಅವ್ವಗ ಅಂದೇ ಗೊತ್ತಿತ್ತು.”